ಕೋಶ ಕಸಿ: ನಡುಕದ ಕಾಯಿಲೆಗೆ ಮದ್ದು ಬಂತೇ?

(ಸಂಘದ ರಜತ ಮಹೋತ್ಸವದ ಆರೋಗ್ಯ ಗೋಷ್ಠಿಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಎರಡು ದಿನಗಳಿಂದ ಈ ವೇದಿಕೆಯಲ್ಲಿ ಕೆಚ್ಚಲು ಬಾವು, ಹಸಿರು ಮೇವು, ಬೋನಸ್ಸು ಇವುಗಳ ಬಗ್ಗೆ ತಿಳಿದವರು ಮಾತಾಡಿದ್ದಾರೆ. ನಮಗೆ ಬಂದಿರುವುದು ಮನುಷ್ಯರ ಕಾಯಿಲೆಯ ವಿಷಯ. ನಾವು ಅಂದರೆ ಈ ಸಂಘದ ಮೊದಲ ಕಾರ್ಯದರ್ಶಿಗಳ ಮಕ್ಕಳು, ಮೂವರು. ಮೂವರೂ ಕೂತು ಬರೆದದ್ದನ್ನು ಒಬ್ಬರು ಓದುತ್ತಿದ್ದೇವೆ. ನಮ್ಮಲ್ಲಿ ಡಾಕ್ಟರು ಯಾರೂ ಇಲ್ಲ. ಒಬ್ಬರು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಾರೆ, ಇಬ್ಬರು ಹಸು ಕಟ್ಟಿಕೊಂಡು ಊರಲ್ಲೇ ಇದ್ದೇವೆ. ಈ ಕಾಯಿಲೆ ನಮ್ಮ ಮನೆಗೆ ಬಂದು ಹದಿಮೂರು ವರ್ಷಕ್ಕೂ ಮೇಲಾಯಿತು, ಅದೇ ನಮ್ಮ ಅರ್ಹತೆ ಅಂತ ತಿಳಿಯಿರಿ.

ಪಕ್ಕದ ಕೊಠಡಿಯಲ್ಲಿ ಸಂಘದ ಹಳೇ ಪುಸ್ತಕಗಳನ್ನು ಪ್ರದರ್ಶನಕ್ಕೆ ಇಟ್ಟಿದ್ದಾರಲ್ಲ, ನೋಡಿರಬಹುದು. ಅವನ್ನು ಒರೆಸಿ ಜೋಡಿಸಿದವರು ನಾವೇ. 2001ರ ಲೆಡ್ಜರಿನಲ್ಲಿ ನಮ್ಮ ತಂದೆಯವರ ಅಕ್ಷರ ಅವರೆಕಾಳಿನ ಹಾಗೆ ದುಂಡಗೆ, ಒಂದೊಂದೂ ಬಿಡಿಬಿಡಿಯಾಗಿ ಇದೆ. 2009ರ ಹೊತ್ತಿಗೆ ಹೆಸರುಕಾಳು. 2011ರ ನಡಾವಳಿ ಪುಸ್ತಕದಲ್ಲಿ ಸಾಲಿನ ಶುರುವಿನಲ್ಲಿ ಸಾಸಿವೆ, ಸಾಲಿನ ಕೊನೆಗೆ ಬರುವ ಹೊತ್ತಿಗೆ ರಾಗಿ. ಆಗ ಎಲ್ಲರೂ ‘ಸೆಕ್ರೆಟರಿಯವರು ಸಂಘದ ಇಂಕು ಉಳಿಸ್ತಾವ್ರೆ’ ಅಂತ ನಕ್ಕಿದ್ದುಂಟು, ನಾವೂ ನಕ್ಕಿದ್ದೇವೆ. ಅಕ್ಷರ ಹೀಗೆ ಬರಬರುತ್ತಾ ಚಿಕ್ಕದಾಗುವುದು ಪಾರ್ಕಿನ್ಸನ್ ಕಾಯಿಲೆಯ ಒಂದು ಗುರುತು ಎಂದು ನಮಗೆ ಗೊತ್ತಾಗಿದ್ದು 2012ರಲ್ಲಿ, ಬಲಗೈ ಸುಮ್ಮನೆ ತೊಡೆಯ ಮೇಲಿಟ್ಟಾಗಲೂ ನಡುಗಲು ಶುರುವಾದ ಮೇಲೆ. ಆಗ ಅವರಿಗೆ ಅರವತ್ತು. ಪುಸ್ತಕ ಓದಲು ಬರುತ್ತಿದ್ದವರಿಗೆ ಕಾಯಿಲೆ ಅಲ್ಲೇ ಬರೆದಿತ್ತು, ನಮಗೆ ಓದಲು ಬರಲಿಲ್ಲ.

ಕೈ ನಡುಗಿದವರಿಗೆಲ್ಲ ಈ ಕಾಯಿಲೆ ಇದೆ ಅಂತ ಹೆದರಬೇಡಿ. ಲೋಟ ಎತ್ತುವಾಗ, ಸಹಿ ಹಾಕುವಾಗ ಮಾತ್ರ ನಡುಗುವುದು ಸಾಮಾನ್ಯವಾಗಿ ಬೇರೆ ತರಹದ ನಡುಕ. ಪಾರ್ಕಿನ್ಸನ್ನಿನಲ್ಲಿ ಕೈ ವಿಶ್ರಾಂತಿಯಲ್ಲಿದ್ದಾಗ ನಡುಗುತ್ತದೆ. ಜೊತೆಗೆ ಎಲ್ಲ ಕೆಲಸವೂ ನಿಧಾನವಾಗುತ್ತದೆ, ಮೈ ಬಿಗಿಯುತ್ತದೆ, ನಡೆಯುವಾಗ ಒಂದು ಕೈ ಬೀಸುವುದು ನಿಲ್ಲುತ್ತದೆ, ಮುಖದಲ್ಲಿ ನಗು ಕಾಣುವುದಿಲ್ಲ. ಕೆಲವರಿಗೆ ನಡುಕವೇ ಇರುವುದಿಲ್ಲ. ಅದಕ್ಕೂ ಎಷ್ಟೋ ವರ್ಷ ಮುಂಚೆ ವಾಸನೆ ಗೊತ್ತಾಗದಿರುವುದು, ಮಲಬದ್ಧತೆ, ನಿದ್ದೆಯಲ್ಲಿ ಕೈಕಾಲು ಬಡಿಯುವುದು ಇರಬಹುದು. ಹುಳಿಯಾದ ಹಾಲನ್ನು ಕ್ಯಾನಿನ ಮುಚ್ಚಳ ತೆಗೆದೊಡನೆ ಹೇಳುತ್ತಿದ್ದ ನಮ್ಮ ತಂದೆಯವರು ಒಮ್ಮೆ ಹುಳಿ ಹಾಲು ತೆಗೆದುಕೊಂಡುಬಿಟ್ಟಿದ್ದರು. ಸಂಘಕ್ಕೆ ಆ ದಿನ ನಷ್ಟವಾಯಿತು. ಅವರು ತಮ್ಮ ಸಂಬಳದಲ್ಲಿ ಮುರಿಸಿಕೊಂಡರು. ಅದು ಅಜಾಗರೂಕತೆಯಲ್ಲ, ಮೂಗು ಹೋಗಿತ್ತು ಅನ್ನುವುದನ್ನು ಈ ಹೊತ್ತು ಸಭೆಯಲ್ಲಿ ಹೇಳಬೇಕು ಅನ್ನಿಸಿತು, ಹೇಳಿದ್ದೇವೆ.

ಕಾಯಿಲೆ ಹೊಸದಲ್ಲ. ನಮ್ಮ ಆಯುರ್ವೇದದವರು ಕಂಪವಾತ ಅಂದರು. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ಎಂಬ ವೈದ್ಯರು ಆರು ಜನ ರೋಗಿಗಳನ್ನು ಕುರಿತು ಒಂದು ಸಣ್ಣ ಪುಸ್ತಕ ಬರೆದರು. ಆರರಲ್ಲಿ ಕೆಲವರನ್ನು ಅವರು ಬೀದಿಯಲ್ಲಿ ನಡೆದುಹೋಗುವಾಗ ಕಂಡದ್ದಷ್ಟೆ. ಹೆಸರು ಅವರದೇ ನಿಂತಿತು.

ಒಳಗೆ ಆಗುವುದೇನು? ನಮ್ಮ ಕಡೆಯವರಿಗೆ ಕೆರೆಯ ಲೆಕ್ಕದಲ್ಲಿ ಹೇಳಿದರೆ ತಿಳಿಯುತ್ತದೆ. ಮಿದುಳಿನ ತಳಭಾಗದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಪಟ್ಟಿ ಇದೆ, ಅದು ಕೆರೆ. ಅಲ್ಲಿನ ನರಕೋಶಗಳು ಡೋಪಮೈನ್ ಎನ್ನುವ ರಸ ತಯಾರಿಸುತ್ತವೆ. ಉದ್ದನೆಯ ನರದ ಎಳೆಗಳು ಕಾಲುವೆ. ಕಾಲುವೆ ಹೋಗಿ ಮುಟ್ಟುವ ಮಿದುಳಿನ ನಡುಭಾಗ ಗದ್ದೆ, ಕೈಕಾಲಿನ ಚಲನೆಯನ್ನು ಹದಗೊಳಿಸುವ ಜಾಗ. ಈ ಕಾಯಿಲೆಯಲ್ಲಿ ಕೆರೆಯ ಕೋಶಗಳು ಒಂದೊಂದಾಗಿ ಸಾಯುತ್ತವೆ. ಕೈ ನಡುಗಿ ನಮಗೆ ಗೊತ್ತಾಗುವ ಹೊತ್ತಿಗೆ ಸುಮಾರು ಅರ್ಧದಷ್ಟು ಹೋಗಿರುತ್ತವೆ. ಯಾಕೆ ಸಾಯುತ್ತವೆ ಎಂಬುದಕ್ಕೆ ಒಂದೇ ಉತ್ತರವಿಲ್ಲ. ವಯಸ್ಸು ಒಂದು, ಕೆಲವು ಮನೆತನಗಳಲ್ಲಿ ವಂಶವಾಹಿ ಒಂದು. ಪ್ಯಾರಾಕ್ವಾಟ್‌ನಂಥ ಕಳೆನಾಶಕ, ರೋಟೆನೋನ್‌ನಂಥ ಕೀಟನಾಶಕ ಬಳಸಿದವರಲ್ಲಿ ಕಾಯಿಲೆ ಹೆಚ್ಚು ಕಂಡಿದೆ ಎಂದು ಹೊರದೇಶದ ಅಧ್ಯಯನಗಳು ಹೇಳುತ್ತವೆ. ದ್ರಾಕ್ಷಿ ತೋಟಕ್ಕೆ ಬರಿ ಮೈಯಲ್ಲಿ, ಮೂಗಿಗೆ ಬಟ್ಟೆಯಿಲ್ಲದೆ ಔಷಧಿ ಹೊಡೆದವರು ಈ ಸಭೆಯಲ್ಲಿ ಬಹಳ ಜನ ಇದ್ದೀರಿ. ಇನ್ನು ಮುಂದಾದರೂ ಕೈಗೆ ಗ್ಲೌಸು, ಮೂಗಿಗೆ ಮಾಸ್ಕು ಹಾಕಿಕೊಳ್ಳಿ. ಈ ಮಾತು ಇಷ್ಟಕ್ಕೇ ಸಾಕು.

ಈಗಿರುವ ಮುಖ್ಯ ಮದ್ದು ಲೆವೊಡೋಪ ಎಂಬ ಮಾತ್ರೆ. ಮೆಡಿಕಲ್ ಸ್ಟೋರಿನಲ್ಲಿ ಸಿಂಡೋಪ ಎಂದು ಕೇಳಿರಬಹುದು. ಮಿದುಳಿಗೆ ಹೋಗಿ ಡೋಪಮೈನ್ ಆಗುವ ವಸ್ತು ಅದು. ಇದರ ಕಥೆಯಲ್ಲಿ ನಮ್ಮ ದೇಶದ ಎರಡು ಗಿಡಗಳಿವೆ. ಬೇಲಿಯಲ್ಲಿ ಹಬ್ಬುವ, ಮುಟ್ಟಿದರೆ ಮೈಯೆಲ್ಲ ತುರಿಸುವ ನಸುಗುನ್ನಿ ಕಾಯಿ ಗೊತ್ತಲ್ಲ, ಅದರ ಬೀಜದಲ್ಲಿ ಇದೇ ಲೆವೊಡೋಪ ಇದೆ ಎಂದು 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ತೋರಿಸಿದರು. ಆಗ ಅದು ಯಾವ ಕಾಯಿಲೆಗೆ ಬೇಕು ಅಂತ ಜಗತ್ತಿಗೆ ಗೊತ್ತಿರಲಿಲ್ಲ. 1957ರಲ್ಲಿ ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅವರು ಸರ್ಪಗಂಧಿ ಬೇರಿನಿಂದ ಬರುವ ರಿಸರ್ಪಿನ್ ಕೊಟ್ಟು ಮೊಲಗಳನ್ನು ಕಲ್ಲಿನ ಹಾಗೆ ಕೂರಿಸಿ, ಆಮೇಲೆ ಡೋಪ ಕೊಟ್ಟು ಓಡಾಡಿಸಿದರು. ಅವರಿಗೆ 2000ದಲ್ಲಿ ನೊಬೆಲ್ ಬಂತು. 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಅವರು ತೀರಿಕೊಂಡ ರೋಗಿಗಳ ಮಿದುಳು ಪರೀಕ್ಷಿಸಿ, ಡೋಪಮೈನ್ ಬತ್ತಿರುವುದನ್ನು ಕಂಡರು. ಅಲ್ಲಿಂದ ಮುಂದೆ ಮಾತ್ರೆಯ ದಾರಿ ತೆರೆಯಿತು. ನಸುಗುನ್ನಿ ಬೀಜ ಅರೆದು ತಿನ್ನಿ ಅಂತ ನಾವು ಹೇಳುತ್ತಿಲ್ಲ. ಎಷ್ಟು ತಿಂದರೆ ಎಷ್ಟು ಮದ್ದು ಒಳಗೆ ಹೋಯಿತು ಅನ್ನುವ ಲೆಕ್ಕ ಅಲ್ಲಿ ಸಿಗುವುದಿಲ್ಲ.

ಮಾತ್ರೆ ಅಂದರೆ ಕೆರೆ ಒಣಗಿದ ಗದ್ದೆಗೆ ಟ್ಯಾಂಕರ್ ನೀರು. ಮೊದಮೊದಲು ಬೆಳೆ ಚೆನ್ನಾಗಿ ನಿಲ್ಲುತ್ತದೆ. ಐದಾರು ವರ್ಷ ಕಳೆದ ಮೇಲೆ ಟ್ಯಾಂಕರ್ ಬಂದ ಗಳಿಗೆಯಲ್ಲಿ ಹೆಚ್ಚು, ಇನ್ನೊಂದು ಬರುವುದರೊಳಗೆ ಒಣ. ಹೆಚ್ಚಾದಾಗ ಮೈ ಹಾವಿನ ಹಾಗೆ ಹೊರಳುತ್ತದೆ, ಕಡಿಮೆಯಾದಾಗ ಹೊಸ್ತಿಲ ಹತ್ತಿರ ಕಾಲು ನೆಲಕ್ಕೆ ಅಂಟಿಕೊಳ್ಳುತ್ತದೆ. ಇದನ್ನೇ ಡಾಕ್ಟರುಗಳು ಆನ್, ಆಫ್ ಅನ್ನುತ್ತಾರೆ. ಹಾಲು ಉತ್ಪಾದಕರಾದ ನಮಗೆ ಒಂದು ಮಾತು ವಿಶೇಷವಾಗಿ ಬೇಕು: ಹಾಲು, ಬೇಳೆ, ಮೊಟ್ಟೆಯಲ್ಲಿರುವ ಪ್ರೋಟೀನು ಈ ಮಾತ್ರೆಯನ್ನು ಅಡ್ಡಗಟ್ಟುತ್ತದೆ. ನಾವು ಎರಡು ವರ್ಷ ತಂದೆಯವರಿಗೆ ಮಾತ್ರೆಯನ್ನು ದೊಡ್ಡ ಲೋಟ ಹಾಲಿನ ಜೊತೆಗೇ ಕೊಡುತ್ತಿದ್ದೆವು, ಶಕ್ತಿ ಬರಲಿ ಅಂತ! ಊಟಕ್ಕೆ ಅರ್ಧ ಮುಕ್ಕಾಲು ಗಂಟೆ ಮೊದಲು ನೀರಿನಲ್ಲಿ ಕೊಡಲು ಶುರುಮಾಡಿದ ವಾರದಲ್ಲೇ ವ್ಯತ್ಯಾಸ ಕಂಡಿತು.

2016ರ ವಿಷಯಕ್ಕೆ ಬರುತ್ತೇವೆ. ತಂದೆಯವರಿಗೆ ಆಫ್ ಹೊತ್ತು ಹೆಚ್ಚಾಗಿತ್ತು. ರಾತ್ರಿ ಮಗ್ಗುಲು ಬದಲಿಸಲು ಅಮ್ಮನವರು ಏಳಬೇಕಿತ್ತು. ಆಗ ನೆಂಟರೊಬ್ಬರು ಒಂದು ವಿಡಿಯೋ ತೋರಿಸಿದರು. ನಗರದ ಒಂದು ಖಾಸಗಿ ಕ್ಲಿನಿಕ್ಕಿನದು. ಹೆಸರು ಬೇಡ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಲ್ಲಿರುವ ಸ್ಟೆಮ್ ಸೆಲ್ ಬೇರ್ಪಡಿಸಿ, ಬೆನ್ನಿನ ಮೂಲಕ ಇಂಜೆಕ್ಷನ್ ಕೊಡುತ್ತಾರೆ, ಮೂರು ಸಲ. ಒಟ್ಟು ಒಂಬತ್ತು ಲಕ್ಷ. ವಿಡಿಯೋದಲ್ಲಿ ಒಬ್ಬರು ಗೋಡೆ ಹಿಡಿಯದೆ ಮೆಟ್ಟಿಲು ಹತ್ತುತ್ತಿದ್ದರು. ನಾವು ಅತ್ತುಬಿಟ್ಟೆವು.

ಏರ್‌ಪೋರ್ಟ್ ಬಂದ ಮೇಲೆ ನಮ್ಮ ಕಡೆ ಜಮೀನು ಮಾರುವುದು ಕಷ್ಟವಲ್ಲ ಅನ್ನುವುದು ನಿಮಗೆ ಗೊತ್ತಿದೆ. ರಸ್ತೆ ಬದಿಯ ಎರಡು ಗುಂಟೆಗೆ ಮೂರು ದಿನದಲ್ಲಿ ಗಿರಾಕಿ ಬಂದರು, ಅಡ್ವಾನ್ಸೂ ಕೊಟ್ಟರು. ಕ್ಲಿನಿಕ್ಕಿನವರು ಕೊಟ್ಟ ಒಪ್ಪಿಗೆ ಪತ್ರವನ್ನು ಸಹಿಗಾಗಿ ತಂದೆಯವರ ಮುಂದೆ ಇಟ್ಟೆವು. ಇಪ್ಪತ್ತು ಸಲ ಲೆಕ್ಕ ತಪಾಸಣೆ ಎದುರಿಸಿದವರು, ಸುಮ್ಮನೆ ಸಹಿ ಹಾಕುತ್ತಾರೆಯೇ? ಕನ್ನಡಕ ಹಾಕಿಕೊಂಡು ಎರಡು ಗಂಟೆ ಓದಿದರು. ಫಲಿತಾಂಶಕ್ಕೆ ಖಾತರಿ ಇಲ್ಲ, ಹಣ ವಾಪಸಿಲ್ಲ ಎಂಬ ಸಾಲುಗಳ ಮೇಲೆ ಬೆರಳು ಇಟ್ಟರು. ಆಮೇಲೆ ನಿಧಾನವಾಗಿ ಕೇಳಿದರು: “ಇಲ್ಲಿಗಂಟ ಎಷ್ಟು ಜನಕ್ಕೆ ಹಾಕವ್ರೆ? ಎಷ್ಟು ಜನಕ್ಕೆ ಗುಣ ಆಗೈತೆ? ಪುಸ್ತಕ ಇಟ್ಟವ್ರಾ?”

ಫೋನು ಮಾಡಿ ಕೇಳಿದೆವು. ‘ಬಹಳ ಜನಕ್ಕೆ ಗುಣವಾಗಿದೆ ಸಾರ್’ ಅಂದರು. “ಬಹಳ ಜನ ಅನ್ನೋದು ಲೆಕ್ಕ ಅಲ್ಲ ಕಣ್ರಪ್ಪಾ” ಅಂದರು ತಂದೆಯವರು. ಆ ಒಂದು ಮಾತಿನಿಂದ ನಾವು ಓದಲು, ಕೇಳಲು ಶುರುಮಾಡಿದೆವು. ಮುಂದೆ ಹೇಳುವುದೆಲ್ಲ ಹಾಗೆ ತಿಳಿದದ್ದು.

ಕೋಶ ಕಸಿ ಎಂಬುದು ಸುಳ್ಳಲ್ಲ, ಇದನ್ನು ಮೊದಲೇ ಹೇಳಿಬಿಡಬೇಕು. ಅದರ ಯೋಚನೆ ಸರಳ. ಒಣಗಿದ ಕೆರೆ ರಿಪೇರಿ ಆಗುವುದಿಲ್ಲ, ಕಾಲುವೆಯೂ ಮುಚ್ಚಿದೆ. ಹಾಗಾದರೆ ಗದ್ದೆಯಲ್ಲೇ ಬಾವಿ ತೋಡಿದರೆ? ಡೋಪಮೈನ್ ತಯಾರಿಸುವ ಹೊಸ ಕೋಶಗಳನ್ನು ತಂದು, ತಲೆಬುರುಡೆಗೆ ಸಣ್ಣ ರಂಧ್ರ ಕೊರೆದು, ತೆಳು ಸೂಜಿಯಿಂದ ನೇರ ಗದ್ದೆಯ ಜಾಗಕ್ಕೇ ನಾಟಿ ಮಾಡುವುದು. ತಲೆಯೊಳಗೆ ಇಂಥ ಗುರಿಯಿಟ್ಟ ಶಸ್ತ್ರಚಿಕಿತ್ಸೆ ಬೆಂಗಳೂರಿಗೆ ಹೊಸದೂ ಅಲ್ಲ. ನಿಮ್ಹಾನ್ಸ್ ಕಟ್ಟಿದ ಡಾ. ಆರ್. ಮಾರ್ತಾಂಡ ವರ್ಮ ಅವರು ಈ ಕಾಯಿಲೆಗೆ ತಮ್ಮದೇ ಶಸ್ತ್ರಚಿಕಿತ್ಸಾ ವಿಧಾನ ರೂಪಿಸಿದ್ದರು, ಅದಕ್ಕೆ ವರ್ಮಾ ಟೆಕ್ನಿಕ್ ಅಂತಲೇ ಹೆಸರು. ಆದರೆ ಅದು ಕೆಟ್ಟು ಕುಣಿಯುವ ಜಾಗವನ್ನು ಸುಮ್ಮನಾಗಿಸುವ ವಿದ್ಯೆ, ಹೊಸ ಕೋಶ ನೆಡುವ ವಿದ್ಯೆಯಲ್ಲ.

ನೆಡಲು ಕೋಶ ಎಲ್ಲಿಂದ ತರುವುದು? ಎಲ್ಲ ಪೇಚೂ ಇಲ್ಲೇ. 1982ರಲ್ಲಿ ಸ್ಟಾಕ್‌ಹೋಮಿನಲ್ಲಿ ರೋಗಿಯದೇ ಮೂತ್ರಪಿಂಡದ ಮೇಲಿನ ಗ್ರಂಥಿಯ ತುಣುಕನ್ನು ಮಿದುಳಿಗೆ ಹಾಕಿ ನೋಡಿದರು, ಹೆಚ್ಚು ಫಲ ಬರಲಿಲ್ಲ. 1987ರಲ್ಲಿ ಮೆಕ್ಸಿಕೋದ ಡಾಕ್ಟರೊಬ್ಬರು ಇದೇ ವಿಧಾನದಿಂದ ಇಬ್ಬರಿಗೆ ಅದ್ಭುತವಾಗಿ ಗುಣವಾಯಿತು ಅಂತ ಪ್ರಕಟಿಸಿದರು. ಇಬ್ಬರು! ಅಷ್ಟಕ್ಕೆ ಪ್ರಪಂಚದಾದ್ಯಂತ ನೂರಾರು ಜನರಿಗೆ ಆ ಆಪರೇಷನ್ ಆಯಿತು. ಕೆಲವೇ ವರ್ಷಗಳಲ್ಲಿ ಅದು ಉಪಯೋಗವಿಲ್ಲ, ಅಪಾಯ ಹೆಚ್ಚು ಅಂತ ಕೈಬಿಟ್ಟರು.

ಅದೇ 1987ರಲ್ಲಿ ಸ್ವೀಡನ್ನಿನ ಲುಂಡ್ ಊರಿನಲ್ಲಿ ಲಿಂಡ್‌ವಾಲ್ ಮತ್ತು ಬ್ಯೂರ್ಕ್‌ಲುಂಡ್ ಅವರ ತಂಡ ಗರ್ಭಪಾತವಾದ ಭ್ರೂಣದ ಮಿದುಳಿನ ಎಳೆಯ ಕೋಶಗಳನ್ನು ನೆಡಲು ಆರಂಭಿಸಿತು. ಇದು ಗಟ್ಟಿ ದಾರಿ. ಕೆಲವರಿಗೆ ಮಾತ್ರೆಯೇ ಬೇಡವಾಗುವಷ್ಟು ಸುಧಾರಣೆ ಆಯಿತು, ನೆಟ್ಟ ಕೋಶ ಇಪ್ಪತ್ತು ವರ್ಷದ ಮೇಲೂ ಬದುಕಿದ್ದು ಕಂಡಿದೆ. ಇನ್ನು ಕೆಲವರಿಗೆ ಏನೂ ಆಗಲಿಲ್ಲ. ಒಬ್ಬ ರೋಗಿಗೆ ಹಲವು ಭ್ರೂಣಗಳ ಅಂಗಾಂಶ ಒಟ್ಟಿಗೆ, ತಾಜಾ ಬೇಕು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಬೇರೆ ಬೇರೆ ಮನೆಯ ಹಾಲು ಒಂದೇ ಕ್ಯಾನಿಗೆ, ಫ್ಯಾಟ್ ಟೆಸ್ಟ್ ಇಲ್ಲದೆ. ಮಾನವೀಯ, ಧಾರ್ಮಿಕ ಪ್ರಶ್ನೆಗಳು ಬೇರೆ. ಯೂರೋಪಿನಲ್ಲಿ ಈಚಿನ ವರ್ಷಗಳಲ್ಲಿ ಮಾಡಿದ ಒಂದು ದೊಡ್ಡ ಪ್ರಯತ್ನದಲ್ಲಿ ಅಂಗಾಂಶ ಸಾಲದೆ ಆಪರೇಷನ್‌ಗಳನ್ನು ಮತ್ತೆ ಮತ್ತೆ ಮುಂದೂಡಿ ಕೊನೆಗೆ 11 ಜನಕ್ಕೆ ಮಾತ್ರ ಕಸಿ ಮಾಡಲಾಯಿತು.

ನಮಗೆ ಎಲ್ಲಕ್ಕಿಂತ ಪಾಠ ಕಲಿಸಿದ್ದು ಅಮೆರಿಕದ ಒಂದು ಪ್ರಯೋಗ. 2001ರಲ್ಲಿ ಪ್ರಕಟವಾಯಿತು. 40 ರೋಗಿಗಳು. 20 ಜನಕ್ಕೆ ಭ್ರೂಣದ ಕೋಶ ನೆಟ್ಟರು. ಉಳಿದ 20 ಜನಕ್ಕೆ ತಲೆಬುರುಡೆಗೆ ರಂಧ್ರ ಕೊರೆದರು, ಒಳಗೆ ಏನೂ ಹಾಕಲಿಲ್ಲ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಪರೀಕ್ಷೆ ಮಾಡುವ ಡಾಕ್ಟರಿಗೂ ಗೊತ್ತಿಲ್ಲ. ಮೊದಲು ಓದಿದಾಗ ನಮ್ಮಲ್ಲಿ ಒಬ್ಬರಿಗೆ ಕೋಪವೇ ಬಂತು, ಇದೆಂಥ ಕ್ರೌರ್ಯ ಅಂತ. ಮುಂದಕ್ಕೆ ಓದಿ. ವರ್ಷದ ಕೊನೆಗೆ ‘ನಿಮಗೆ ಹೇಗಿದೆ’ ಅಂತ ಕೇಳಿದರೆ ಎರಡು ಗುಂಪಿನ ಉತ್ತರದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಅರವತ್ತು ದಾಟದವರಿಗೆ ಡಾಕ್ಟರರ ಕೆಲವು ಪರೀಕ್ಷೆಗಳಲ್ಲಿ ಮಾತ್ರ ಸ್ವಲ್ಪ ಅನುಕೂಲ ಕಂಡಿತು. ಇನ್ನೂ ವಿಚಿತ್ರ ಆಮೇಲೆ ಹೊರಬಂತು: ನಿಜವಾಗಿ ಕೋಶ ಬಿದ್ದಿದೆಯೋ ಇಲ್ಲವೋ, ‘ನನಗೆ ಬಿದ್ದಿದೆ’ ಅಂತ ನಂಬಿಕೊಂಡವರು ಜೀವನ ಸುಧಾರಿಸಿದೆ ಅಂದಿದ್ದರು. ವಿಡಿಯೋದಲ್ಲಿ ಮೆಟ್ಟಿಲು ಹತ್ತಿದವರು ಸುಳ್ಳು ಹೇಳಿರಬೇಕಾಗಿಲ್ಲ. ನಂಬಿಕೆ ಈ ಕಾಯಿಲೆಯಲ್ಲಿ ಕಾಲಿಗೆ ಬಲ ಕೊಡುತ್ತದೆ, ಕೆಲವು ದಿನ. ಆದ್ದರಿಂದಲೇ ಹೋಲಿಸಿ ನೋಡದ ಲೆಕ್ಕ ಲೆಕ್ಕವಲ್ಲ. ಆ ಪ್ರಯೋಗದಲ್ಲಿ ಕಸಿ ಪಡೆದವರಲ್ಲಿ ಶೇಕಡಾ 15ರಷ್ಟು ಜನಕ್ಕೆ ಮಾತ್ರೆ ಬಿಟ್ಟರೂ ನಿಲ್ಲದ ಹೊರಳಾಟ ಶುರುವಾಯಿತು. ಬಾವಿ ತೋಡಿದ್ದಾಯಿತು, ಉಕ್ಕಿದರೆ ಮುಚ್ಚುವುದಕ್ಕೆ ಬರುವುದಿಲ್ಲ.

ನಮ್ಮ ಬೆಂಗಳೂರಿನಲ್ಲೇ ಏನಾಗಿದೆ ಅಂತ ಕೇಳಬೇಕಲ್ಲ. ಆಗಿದೆ, ಅದೂ ಬರಹದಲ್ಲಿ ಇದೆ. ಡಾ. ಎನ್.ಕೆ. ವೆಂಕಟರಮಣ ಅವರ ನೇತೃತ್ವದಲ್ಲಿ ನಗರದಲ್ಲಿ 7 ಜನ ಪಾರ್ಕಿನ್ಸನ್ ರೋಗಿಗಳಿಗೆ ಅವರದೇ ಮೂಳೆ ಮಜ್ಜೆಯ ಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ, ಬೆನ್ನಿಗಲ್ಲ, ನೇರ ಮಿದುಳಿನ ಒಂದು ಪಾರ್ಶ್ವಕ್ಕೆ ನೆಡಲಾಯಿತು. 2010ರಲ್ಲಿ ವರದಿ ಪ್ರಕಟವಾಯಿತು. ವಯಸ್ಸು 22ರಿಂದ 62. ಹತ್ತು ತಿಂಗಳಿಂದ ಮೂರು ವರ್ಷದವರೆಗೆ ಅವರನ್ನು ಗಮನಿಸಿದರು. 7ರಲ್ಲಿ 3 ಜನಕ್ಕೆ ಸುಧಾರಣೆ ಕಂಡಿತು, ಇಬ್ಬರಿಗೆ ಮಾತ್ರೆ ಕಡಿಮೆಯಾಯಿತು, ದೊಡ್ಡ ತೊಂದರೆ ಯಾರಿಗೂ ಆಗಲಿಲ್ಲ. ಆದರೆ ಅವರೇ ಬರೆದಿದ್ದಾರೆ: ಜನ ಕಡಿಮೆ, ಹೋಲಿಕೆಗೆ ಇನ್ನೊಂದು ಗುಂಪು ಇಲ್ಲ, ಆದ್ದರಿಂದ ಚಿಕಿತ್ಸೆ ಫಲಕಾರಿ ಎಂದು ಇದರಿಂದ ಸಾಧಿಸಲಾಗದು. 2012ರಲ್ಲಿ ದಾನಿಗಳ ಮಜ್ಜೆಯ ಕೋಶ ಬಳಸಿ, ಮಿದುಳಿನ ಎರಡೂ ಕಡೆ ನೆಟ್ಟ ಇನ್ನೊಂದು ಸಣ್ಣ ಪ್ರಯೋಗದ ವರದಿಯೂ ಬಂತು. ಹೀಗೆ ಪುಸ್ತಕ ಇಟ್ಟು, ತಮ್ಮ ಮಿತಿಯನ್ನು ತಾವೇ ಬರೆದವರ ಬಗ್ಗೆ ನಮಗೆ ಗೌರವವಿದೆ. ಅದೇ ವರದಿಯ ನೆರಳಿನಲ್ಲಿ, ಲೆಕ್ಕವಿಲ್ಲದೆ, ಲಕ್ಷಗಟ್ಟಲೆ ತೆಗೆದುಕೊಂಡು ಬೆನ್ನಿಗೆ ಚುಚ್ಚುವವರ ವಿಷಯ ಬೇರೆ. ಮಜ್ಜೆಯ ಕೋಶ ಮಿದುಳಿಗೆ ಹೋಗಿ ಡೋಪಮೈನ್ ಕೋಶವಾಗಿ ನಿಲ್ಲುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಅದು ಹೆಚ್ಚೆಂದರೆ ಸುತ್ತಲಿನ ಕೋಶಗಳಿಗೆ ಗೊಬ್ಬರದ ಹಾಗೆ ಕೆಲಸ ಮಾಡೀತು. ಗೊಬ್ಬರ ಪೈರಲ್ಲ.

ಇನ್ನು ಪೈರೇ ಬೆಳೆಸುವ ವಿದ್ಯೆ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ನಮಗೆ ದೂರವಲ್ಲ. ಟಿಶ್ಯೂ ಕಲ್ಚರ್ ಬಾಳೆ ಹಾಕಿದವರಿಗೆ ಗೊತ್ತು, ಗಿಡದ ಒಂದು ಸಣ್ಣ ತುಣುಕಿನಿಂದ ಬಾಟಲಿಯಲ್ಲಿ ಸಾವಿರಾರು ಸಸಿ ಮಾಡುತ್ತಾರೆ. ಹೆಸರಘಟ್ಟದಿಂದಲೇ ನಮ್ಮ ಹಸುಗಳಿಗೆ ಮೈನಸ್ 196 ಡಿಗ್ರಿಯ ಸಾರಜನಕದ ಕ್ಯಾನಿನಲ್ಲಿ ವೀರ್ಯದ ಕಡ್ಡಿ ಬರುತ್ತದೆ, ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತದೆ. ಮನುಷ್ಯನ ಕೋಶವನ್ನೂ ಹೀಗೇ ಬೆಳೆಸಬಹುದು, ಹೀಗೇ ಕೂಡಿಡಬಹುದು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಡಾ. ಮನೀಷಾ ಇನಾಮ್ದಾರ್ ಅವರ ತಂಡ ಬಿಸಾಡಬೇಕಾಗಿದ್ದ ಭ್ರೂಣಗಳಿಂದ ಎರಡು ಮಾನವ ಆಕರಕೋಶದ ತಳಿಗಳನ್ನು ಬೆಳೆಸಿ 2009ರಲ್ಲಿ ಪ್ರಕಟಿಸಿತು. ತಳಿಯ ಹೆಸರು ಬಿಜೆಎನ್‌ಹೆಮ್ 19 ಮತ್ತು 20. ನಮ್ಮ ಜಕ್ಕೂರಿನಲ್ಲೇ! ಕೃಷಿ ಮೇಳಕ್ಕೆ ನಾವೆಲ್ಲ ಹೋಗುವ ಜಿಕೆವಿಕೆ ಆವರಣದಲ್ಲೇ ಆಕರಕೋಶಗಳಿಗಾಗಿ ಇನ್‌ಸ್ಟೆಮ್ ಎಂಬ ಕೇಂದ್ರ ಸಂಸ್ಥೆ 2009ರಿಂದ ಇದೆ. ನಿಮ್ಹಾನ್ಸ್ ಜೊತೆ ಸೇರಿ ಮಾನಸಿಕ ಕಾಯಿಲೆ ಇರುವ ಮನೆತನಗಳವರ ರಕ್ತದಿಂದ ನರಕೋಶ ಬೆಳೆಸಿ ಅಧ್ಯಯನ ಮಾಡುವ ಕೆಲಸವೂ ಅಲ್ಲಿ ನಡೆದಿದೆ. ಆದರೆ ಕೇಳಿ: ಇವು ಸಂಶೋಧನೆ ಮಾಡುವ ಜಾಗಗಳು. ರೋಗಿಯನ್ನು ಕರೆದುಕೊಂಡು ಗೇಟಿನ ಮುಂದೆ ನಿಲ್ಲಬೇಡಿ. ನಾವು ನಿಂತಿದ್ದೆವು, ವಾಚ್‌ಮನ್ ಪಾಪ, ಕುಡಿಯಲು ನೀರು ಕೊಟ್ಟು ಕಳಿಸಿದ.

ರಕ್ತದಿಂದ ನರಕೋಶ ಹೇಗೆ? ಜಪಾನಿನ ಶಿನ್ಯಾ ಯಮನಾಕ ಅವರು 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯನ ಚರ್ಮದ ಕೋಶಕ್ಕೆ ನಾಲ್ಕು ಜೀನುಗಳನ್ನು ಸೇರಿಸಿ ಅದನ್ನು ಮತ್ತೆ ಭ್ರೂಣದ ಸ್ಥಿತಿಗೆ ಒಯ್ದರು. ಬೆಳೆದ ಮರವನ್ನು ಮತ್ತೆ ಮೊಳಕೆ ಮಾಡಿದ ಹಾಗೆ. 2012ರಲ್ಲಿ ನೊಬೆಲ್. ಆ ಮೊಳಕೆಯಿಂದ ಬೇಕಾದ ಕೋಶ ಬೆಳೆಸಬಹುದು. ಇದರಿಂದ ಭ್ರೂಣ ಹುಡುಕುವ ಪಾಡು ತಪ್ಪಿತು, ಪ್ರತಿ ಬ್ಯಾಚೂ ಪರೀಕ್ಷೆ ಮಾಡಿ ನೋಡಬಹುದಾಯಿತು.

ಕ್ಯೋಟೋದಲ್ಲಿ ಜುನ್ ತಕಾಹಾಶಿ ಅವರ ತಂಡ 2018ರಿಂದ 7 ರೋಗಿಗಳಿಗೆ ಇಂಥ ಕೋಶ ನೆಟ್ಟು, ಎರಡು ವರ್ಷ ಗಮನಿಸಿ, 2025ರ ಏಪ್ರಿಲ್‌ನಲ್ಲಿ ಫಲಿತಾಂಶ ಪ್ರಕಟಿಸಿತು. ಒಬ್ಬೊಬ್ಬರಿಗೆ ಸುಮಾರು 50 ಲಕ್ಷದಿಂದ 1 ಕೋಟಿ ಕೋಶ. ಗಡ್ಡೆ ಬೆಳೆಯಲಿಲ್ಲ, ಗಂಭೀರ ತೊಂದರೆ ಆಗಲಿಲ್ಲ. ಫಲ ಅಳೆದ 6 ಜನರಲ್ಲಿ 4 ಜನಕ್ಕೆ ಮಾತ್ರೆ ಇಲ್ಲದ ಹೊತ್ತಿನ ಚಲನೆ ಸುಧಾರಿಸಿತ್ತು. ಸ್ಕ್ಯಾನಿನಲ್ಲಿ ಹೊಸ ಡೋಪಮೈನ್ ಕಂಡಿತು. ಅದೇ ತಿಂಗಳು ಅಮೆರಿಕ, ಕೆನಡಾದ 12 ಜನರ ವರದಿಯೂ ಬಂತು, ಅದೂ ಸುರಕ್ಷಿತ. ಹೆಚ್ಚು ಕೋಶ ಪಡೆದವರಿಗೆ ಹೆಚ್ಚು ಸುಧಾರಣೆ. ಕೋಶ ಬೇರೆಯವರದ್ದಾದ್ದರಿಂದ ದೇಹ ತಿರಸ್ಕರಿಸದಂತೆ ಒಂದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ತಿನ್ನಬೇಕಿತ್ತು. ಜಪಾನಿನ ಕಂಪನಿ 2025ರಲ್ಲಿ ಸರ್ಕಾರದ ಒಪ್ಪಿಗೆಗೆ ಅರ್ಜಿ ಹಾಕಿತು. ಅಮೆರಿಕದವರು ಅದೇ ವರ್ಷ ಹೋಲಿಕೆಯ ಗುಂಪು ಇರುವ ದೊಡ್ಡ ಪ್ರಯೋಗ ಶುರುಮಾಡಿದರು, ಮತ್ತೆ ಸುಳ್ಳು ಆಪರೇಷನ್ ಸಹಿತ. ಈ ಸಲ ನಮಗೆ ಕೋಪ ಬರಲಿಲ್ಲ.

ಈ ಸುದ್ದಿ ಓದಿ ಹೇಳಿದಾಗ ತಂದೆಯವರು “ಏಳು ಜನಾನಾ?” ಅಂದರು. “ಏಳು ಲೀಟ್ರಿಗೆ ಕ್ಯಾನು ತುಂಬಲ್ಲ. ಆದ್ರೂ ಹಾಲು ಶುದ್ಧವಾಗೈತೆ ಅನ್ನು.” ಇದಕ್ಕಿಂತ ಚೆನ್ನಾಗಿ ನಮಗೆ ಹೇಳಲು ಬರುವುದಿಲ್ಲ.

ಕಸಿ ಚೆನ್ನಾಗಿ ಹಿಡಿದರೂ ಎಲ್ಲ ಸರಿಹೋಗುವುದಿಲ್ಲ. ಡೋಪಮೈನಿಗೆ ಸೇರದ ತೊಂದರೆಗಳಾದ ಮರೆವು, ಮಲಬದ್ಧತೆ, ಕೆಲವು ತರಹದ ಬೀಳುವಿಕೆ ಹಾಗೇ ಉಳಿಯಬಹುದು. ಹಿಂದೆ ಭ್ರೂಣದ ಕೋಶ ಪಡೆದು ಹತ್ತಾರು ವರ್ಷ ಬದುಕಿದ ಕೆಲವರ ಮಿದುಳಿನಲ್ಲಿ, ನೆಟ್ಟ ಎಳೆಯ ಕೋಶಗಳಿಗೂ ಕಾಯಿಲೆಯ ಗುರುತು ಹತ್ತಿರುವುದನ್ನು 2008ರಲ್ಲಿ ಕಂಡರು. ರೋಗದ ಮಣ್ಣಿನಲ್ಲಿ ನೆಟ್ಟ ಸಸಿಗೂ ರೋಗ.

ಈಗ ಕಾನೂನು, ನಿಯಮ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಐಸಿಎಂಆರ್ ಅನ್ನುತ್ತಾರೆ, 2017ರ ಮಾರ್ಗಸೂಚಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ರಕ್ತ ಕ್ಯಾನ್ಸರ್, ಥಲಸೀಮಿಯದಂಥ ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆಯ ಕಸಿ ಮಾತ್ರ ಒಪ್ಪಿತ ಚಿಕಿತ್ಸೆ. ಪಾರ್ಕಿನ್ಸನ್ ಅದರಲ್ಲಿಲ್ಲ. ಬೇರೆ ಯಾವ ಕಾಯಿಲೆಗೆ ಸ್ಟೆಮ್ ಸೆಲ್ ಕೊಟ್ಟರೂ ಅದು ಪ್ರಯೋಗ, ಅಂದರೆ ಟ್ರಯಲ್. ಟ್ರಯಲ್ಲಿಗೆ ನೈತಿಕ ಸಮಿತಿಯ ಒಪ್ಪಿಗೆ, ಸರ್ಕಾರದ ಅನುಮತಿ ಬೇಕು, ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ನಂಬರ್ ಇರಬೇಕು. ರೋಗಿಯಿಂದ ಹಣ ತೆಗೆದುಕೊಳ್ಳುವ ಹಾಗಿಲ್ಲ. ನಾವು ತೋರಿಸುತ್ತಿದ್ದ ಸರ್ಕಾರಿ ಆಸ್ಪತ್ರೆಯ ನರರೋಗ ತಜ್ಞರು 2016ರಲ್ಲೇ ಹೇಳಿದ್ದು ಒಂದೇ ಮಾತು: ‘ಟ್ರಯಲ್ ಅಂದರೆ ನೀವು ಅವರಿಗೆ ಉಪಕಾರ ಮಾಡ್ತಿದ್ದೀರಿ, ದುಡ್ಡು ಯಾಕೆ ಕೊಡ್ತೀರಿ?’ ಕ್ಲಿನಿಕ್ಕಿಗೆ ಮತ್ತೆ ಫೋನು ಮಾಡಿ ನೋಂದಣಿ ನಂಬರ್ ಕೇಳಿದೆವು. ಲೈನು ಕಟ್ಟಾಯಿತು, ಆಮೇಲೆ ಅವರು ಎತ್ತಲಿಲ್ಲ.

ಅಡ್ವಾನ್ಸ್ ವಾಪಸ್ ಕೊಟ್ಟೆವು. ಗಿರಾಕಿ ಕೋಪ ಮಾಡಿಕೊಂಡರು. ನಮ್ಮಲ್ಲೇ ಒಬ್ಬರು, ಯಾರು ಅಂತ ಬೇಡ, ‘ಅಪ್ಪನಿಗಿಂತ ಎರಡು ಗುಂಟೆ ಹೆಚ್ಚಾಯ್ತಾ’ ಅಂತ ಆರು ತಿಂಗಳು ಮಾತು ಬಿಟ್ಟರು. ಆ ಮಾತು ಈಗಲೂ ಒಮ್ಮೊಮ್ಮೆ ರಾತ್ರಿ ಚುಚ್ಚುತ್ತದೆ. ತಂದೆಯವರ ಕಾಲು ಬಚ್ಚಲು ಮನೆಯ ಬಾಗಿಲಲ್ಲಿ ಅಂಟಿಕೊಂಡು ನಿಂತಾಗ, ಹಾಕಿಸಿದ್ದರೆ ಏನಾದರೂ ಆಗುತ್ತಿತ್ತೇನೋ ಅನ್ನಿಸದೆ ಇರುವುದಿಲ್ಲ. ಓದಿದ್ದರಿಂದ ಆ ಆಸೆ ಪೂರ್ತಿ ಹೋಗಿಲ್ಲ.

ಕಳೆದ ವರ್ಷ ನಮ್ಮ ಸಂಘದ ಇಬ್ಬರು ಸದಸ್ಯರು ಇಂಥದ್ದೇ ಕರಪತ್ರ ಹಿಡಿದುಕೊಂಡು ನಮ್ಮ ಮನೆಗೆ ಬಂದರು, ಯಶಸ್ವಿನಿ ಕಾರ್ಡಿನಲ್ಲಿ ಆಗುತ್ತದಾ ಅಂತ. ಒಪ್ಪಿಗೆಯಾಗದ ಚಿಕಿತ್ಸೆಗೆ ಯೋಜನೆಯ ಹಣ ಹೇಗೆ ಬರುತ್ತದೆ? ಅವರಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇವೆ. ಕರಪತ್ರ ಬಂದರೆ ಮೊದಲು ಸಿಟಿಆರ್‌ಐ ನಂಬರ್ ಕೇಳಿ. ಎಷ್ಟು ಜನಕ್ಕೆ ಕೊಟ್ಟಿದ್ದೀರಿ, ಎಷ್ಟು ಜನಕ್ಕೆ ಏನಾಯಿತು, ಎಲ್ಲಿ ಪ್ರಕಟಿಸಿದ್ದೀರಿ ಅಂತ ಕೇಳಿ. ದುಡ್ಡು ಕೇಳಿದರೆ ಎದ್ದು ಬನ್ನಿ. ನಂಬರ್ ಹುಡುಕಲು ಬಾರದಿದ್ದರೆ ನಮ್ಮ ಮನೆಗೆ ಬನ್ನಿ, ಕಂಪ್ಯೂಟರಿನಲ್ಲಿ ನೋಡಿ ಹೇಳುತ್ತೇವೆ, ಕಾಫಿಯೂ ಆಗುತ್ತದೆ. ಇರುವ ಮಾತ್ರೆಯನ್ನು ಮಾತ್ರ ಯಾರ ಮಾತು ಕೇಳಿಯೂ ಒಮ್ಮೆಲೇ ನಿಲ್ಲಿಸಬೇಡಿ, ಅದು ಜೀವಕ್ಕೇ ಅಪಾಯ. ಮಾತ್ರೆ ಸಾಲದಾದವರಿಗೆ ಮಿದುಳಿಗೆ ತಂತಿ ಇಟ್ಟು ಸಣ್ಣ ಬ್ಯಾಟರಿಯಿಂದ ಪ್ರಚೋದಿಸುವ ಡಿಬಿಎಸ್ ಎಂಬ ಶಸ್ತ್ರಚಿಕಿತ್ಸೆ ಉಂಟು. ಖರ್ಚು ಬಹಳ, ಎಲ್ಲರಿಗೂ ಹೊಂದುವುದಿಲ್ಲ, ಆದರೆ ಅದು ಪರೀಕ್ಷೆಯಾಗಿ ಒಪ್ಪಿತವಾದದ್ದು. ಹೊಂದುತ್ತದೋ ಇಲ್ಲವೋ ನರರೋಗ ತಜ್ಞರೇ ಹೇಳಬೇಕು. ನಮ್ಮ ತಂದೆಯವರಿಗೆ ಬೇಡ ಅಂದರು. ದಿನಾ ಬೆಳಿಗ್ಗೆ ಡೈರಿಯವರೆಗೆ ನಡೆದು ಬರುವುದು, ಎಣಿಸಿಕೊಂಡು ಹೆಜ್ಜೆ ಹಾಕುವುದು, ಗಟ್ಟಿಯಾಗಿ ಓದುವುದು, ಇವು ಅವರಿಗೆ ಬಹಳ ಒಗ್ಗಿವೆ. ಡೈರಿ ಮುಂದೆ ಅವರು ನಿಂತುಬಿಟ್ಟರೆ ದಯವಿಟ್ಟು ಕೈ ಹಿಡಿದು ಎಳೆಯಬೇಡಿ. ನೆಲದ ಮೇಲೆ ಒಂದು ಗೆರೆ ತೋರಿಸಿ ‘ದಾಟಿ ಸೆಕ್ರೆಟರಿಯವರೇ’ ಅನ್ನಿ, ದಾಟುತ್ತಾರೆ.

ಅವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಭಾಷಣ ಉದ್ದವಾಯಿತು ಅಂತ ಆಗಲೇ ಎರಡು ಸಲ ವಾಚು ನೋಡಿದರು. ಊಟಕ್ಕೆ ಮುಕ್ಕಾಲು ಗಂಟೆ ಇದೆ, ಅವರ ಮಾತ್ರೆಯ ಹೊತ್ತು. ಯಾರಾದರೂ ಒಂದು ಲೋಟ ನೀರು ತರಬೇಕು, ಮಜ್ಜಿಗೆ ಬೇಡ. ಕೇಳುವುದಿದ್ದವರು ಊಟದ ಪಂಕ್ತಿಯಲ್ಲಿ ಕೇಳಿ.